ಮೀನಣ್ಣ ಸ್ಟೂಲಿನ ಮೇಲೆ ಕೂತ ಎರಡು ತಿಂಗಳು

ಗಾಳದ ಸಾಮಾನು ಮಾರುವ ಆ ಅಂಗಡಿಗೆ ಮೊದಲ ಸಲ ಬಂದವರು ತಲೆಯೆತ್ತಿ ನೋಡಿ, "ಚಾವಣಿಗೆ ಗೆದ್ದಲು ಹಿಡಿದಿದೆಯಲ್ಲ" ಎನ್ನುತ್ತಿದ್ದರು. ಅದು ಗೆದ್ದಲಲ್ಲ. ಮೂವತ್ತೊಂದು ವರ್ಷದಿಂದ ಮೀನಣ್ಣ ಒಂದೊಂದು ಗಾಳದ ಕೋಲನ್ನೂ ಕೈಗೆತ್ತಿಕೊಂಡು, ತುದಿಯನ್ನು ಚಾವಣಿಯ ಹಲಗೆಗೆ ಒತ್ತಿ, ಎಲ್ಲಿ ಬಾಗುತ್ತದೆ, ಎಷ್ಟು ಬಾಗುತ್ತದೆ, ಬಾಗಿದ ಮೇಲೆ ಮುನಿಸಿಕೊಳ್ಳದೆ ನೆಟ್ಟಗಾಗುತ್ತದೋ ಇಲ್ಲವೋ ಎಂದು ನೋಡಿದ್ದರ ಗುರುತುಗಳು ಅವು. ಸೂಜಿ ಚುಚ್ಚಿದಂಥ ಸಾವಿರಾರು ಚುಕ್ಕೆಗಳು.

ಮೀನಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿ ಅದನ್ನು ಎಂದೋ ನುಂಗಿ ನೀರು ಕುಡಿದಿತ್ತು. ಈ ಹೆಸರು ಬಂದದ್ದು ಅವನ ಇನ್ನೊಂದು ಪರೀಕ್ಷೆಯಿಂದ. ಕೋಲು ಕೊಳ್ಳಲು ಬಂದವರನ್ನು ಅವನು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದ. ದಾರದ ತುದಿಯನ್ನು ಗೇಣುದ್ದದ ಮರದ ತುಂಡಿಗೆ ಕಟ್ಟಿ, ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಬೀದಿಯಲ್ಲಿ ನಲವತ್ತು ಹೆಜ್ಜೆ ಹಿಂದೆ ಹಿಂದೆ ನಡೆದು ದೀಪದ ಕಂಬದವರೆಗೆ ಹೋಗುತ್ತಿದ್ದ. ಅಲ್ಲಿಂದ ಮೀನಾಗುತ್ತಿದ್ದ. ಕಚ್ಚಿದೆನೋ ಬಿಟ್ಟೆನೋ ಎಂಬಂತೆ ಮೊದಲು ಒಂದು ತಟ್ಟು. ಆಮೇಲೆ ರಪ್ಪನೆ ಒಂದು ಎಳೆತ. ಆಮೇಲೆ ತಲೆ ಒದರಿ, ಎಡಕ್ಕೆ ನುಗ್ಗಿ, ಬಲಕ್ಕೆ ಹೊರಳಿ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ ದಾಟಿ, ಒಮ್ಮೊಮ್ಮೆ ಕುಕ್ಕರುಗಾಲಲ್ಲಿ ಕೂತು ಭಾರ ಬಿಟ್ಟುಬಿಡುತ್ತಿದ್ದ. ಸ್ಕೂಟರಿನವರು ನಿಂತು ನೋಡುತ್ತಿದ್ದರು. ಕಿಟಕಿಗಳಿಂದ ಹೆಂಗಸರು, "ಇವತ್ತು ಎಷ್ಟು ಕೆ.ಜಿ. ಮೀನಣ್ಣ?" ಎಂದು ಕೂಗುತ್ತಿದ್ದರು. ಅವನಿಗೆ ನಾಚಿಕೆ ಎಂಬುದೇ ಇರಲಿಲ್ಲ. ಮೀನಾಗದೆ ಒಂದು ಕೋಲೂ ನನ್ನ ಕೈಯಿಂದ ಹೊರಗೆ ಹೋಗಿಲ್ಲ ಎನ್ನುವುದು ಅವನ ಜೀವಮಾನದ ಜಂಬ.

ಆ ಊರಿನವರ ಹುಚ್ಚು ಸೀಬಾಸ್ ಮೀನು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಸೇತುವೆಯ ಕಂಬಗಳ ಮರೆಯಲ್ಲಿ, ಬೆಳ್ಳಿ ಮೈಯ ಆ ದೊಡ್ಡ ಬಾಯಿಯ ಮೀನು ನೀರಿನ ಸೆಳೆತಕ್ಕೆ ಎದುರಾಗಿ ಸುಮ್ಮನೆ ನಿಂತಿರುತ್ತದೆ. ಸಣ್ಣ ಮೀನು ಎದುರು ಬಂದರೆ ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ. ಅದನ್ನು ಮೋಸ ಮಾಡಲು ಹುಸಿಮೀನು ಬೇಕು. ಮರದ್ದೋ ಪ್ಲಾಸ್ಟಿಕ್ಕಿನದೋ ರಬ್ಬರಿನದೋ, ನೀರಲ್ಲಿ ಎಳೆದಾಗ ಗಾಯಗೊಂಡ ಮರಿಯಂತೆ ಓಲಾಡಬೇಕು. ಹೊಸಬರು ಬಂದರೆ ಮೀನಣ್ಣ ಮೊದಲು ಅವರ ಮಣಿಕಟ್ಟು ನೋಡುತ್ತಿದ್ದ, ನಂತರ ನಿಲ್ಲುವ ಜಾಗ ಕೇಳುತ್ತಿದ್ದ, ಕೊನೆಗೇ ಕೋಲಿನ ಕಡೆ ಕೈ ಚಾಚುತ್ತಿದ್ದ.

ಅಂಗಡಿಯ ಯಜಮಾನರು ಮಂಡಿ ಸೋತು ಮನೆ ಹಿಡಿದ ಮೇಲೆ ಗಲ್ಲಾಪೆಟ್ಟಿಗೆಗೆ ಅವರ ಅಳಿಯ ಬಂದ. ಅದಕ್ಕೆ ಮೊದಲು ಅವನಿದ್ದದ್ದು ಹಾಸಿಗೆ ಮಾರುವ ಮಳಿಗೆಯಲ್ಲಿ. ಮೈತುಂಬ ಸೆಂಟು, ಕೈಯಲ್ಲಿ ಸದಾ ಫೋನು. ಬಂದ ತಿಂಗಳಲ್ಲೇ ಹಳದಿ ಡಬ್ಬಗಳ ಒಂದು ಗೋಡೆಯನ್ನೇ ಎಬ್ಬಿಸಿದ. ಡಬ್ಬದ ಮೇಲೆ ಬಾಯಿ ತೆರೆದ ಸೀಬಾಸಿನ ಚಿತ್ರ, ಕೆಳಗೆ "ಹೊಸಬರಿಗೆ ಬೇಕಾದ್ದೆಲ್ಲ ಒಂದರಲ್ಲೇ" ಎಂಬ ಬರಹ. ಒಳಗೆ ಒಂದು ಕೋಲು, ದಾರ ಸುತ್ತಿಯೇ ಬಂದ ಒಂದು ರೀಲು, ಇಪ್ಪತ್ತನಾಲ್ಕು ಹುಸಿಮೀನು.

ಮೊದಲ ಡಬ್ಬ ತೆರೆದಾಗಲೇ ಮೀನಣ್ಣ ಮುಖ ಆಚೆ ತಿರುಗಿಸಿದ. ಮಿಠಾಯಿ ತಿಂದ ಕೂಸು ಕಾರಿದಂಥ ಬಣ್ಣಗಳು. ರಬ್ಬರಿನ ಬಾಲಗಳು ಸೆಕೆಗೆ ಕರಗಿ ಒಂದಕ್ಕೊಂದು ಅಂಟಿ, ಜಿಡ್ಡು ಸುರಿಸುತ್ತ, ಸತ್ತ ಹುಳಗಳ ಮುದ್ದೆಯ ಹಾಗೆ ಮೂಲೆಯಲ್ಲಿ ಬಿದ್ದಿದ್ದವು. ಸುಟ್ಟ ಚಪ್ಪಲಿಗೆ ಅತ್ತರು ಸುರಿದಂಥ ವಾಸನೆ. ಮುಟ್ಟಿದ ಬೆರಳನ್ನು ಮೂರು ಸಲ ಸೋಪು ಹಾಕಿ ತೊಳೆದರೂ ಅದು ಹೋಗಲಿಲ್ಲ.

"ಇದನ್ನ ಮೀನು ತಿನ್ನುತ್ತಾ ಅಳಿಯಂದ್ರೇ? ಮೂಸಿ ನೋಡಿ ವಾಂತಿ ಮಾಡುತ್ತೆ."

"ಮೀನು ಕೊಂಡ್ಕೊಳ್ಳಲ್ಲ ಅಜ್ಜ, ಜನ ಕೊಂಡ್ಕೊಳ್ತಾರೆ," ಎಂದ ಅಳಿಯ ಫೋನಿನಿಂದ ಕಣ್ಣೆತ್ತದೆ. "ಇನ್ನೊಂದು ಮಾತು. ಆ ಬೀದೀಲಿ ಹಿಂದೆ ಹಿಂದೆ ಹೋಗೋ ಕುಣಿತ ಇನ್ಮೇಲೆ ಬೇಡ. ಯಾವನಾದ್ರೂ ಗಾಡಿ ಗುದ್ದಿದ್ರೆ ನನ್ನ ತಲೆಗೆ ಬರುತ್ತೆ. ಫ್ಯಾಕ್ಟರೀಲೇ ಎಲ್ಲ ನೋಡಿ ಕಳಿಸಿರ್ತಾರೆ. ನೀವು ಆರಾಮಾಗಿ ಕೂತ್ಕೊಳ್ಳಿ." ಹಾಗೆಂದು ಎತ್ತರದ ಒಂದು ಸ್ಟೂಲು ತಂದು ಹಾಕಿದ. ಮೆತ್ತೆಯಿದ್ದ ಸ್ಟೂಲು. ಹಾಸಿಗೆ ಅಂಗಡಿಯವನಿಗೆ ಮೆತ್ತೆಯ ವಿಷಯವಾದರೂ ಗೊತ್ತಿರಬೇಕಲ್ಲ.

ಮೀನಣ್ಣ ಕೂತ. ಬೈದುಕೊಂಡೇ ಕೂತ, ಮೂಗು ಮುರಿದುಕೊಂಡೇ ಕೂತ, ಆದರೆ ಕೂತ. ಅರವತ್ತೆರಡರ ಮಂಡಿಗೆ ಆ ಮೆತ್ತೆ ಹಿತವಾಗಿತ್ತು. ಇದನ್ನು ಅವನು ಆಗ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ, ತನ್ನ ಮುಂದೆಯೂ.

ಹೀಗಿರುವಾಗ ಒಂದು ಬೆಳಿಗ್ಗೆ ಟೈಲರಮ್ಮ ಬಂದಳು. ಅದೇ ಬೀದಿಯ ಕೊನೆಯಲ್ಲಿ ಅವಳ ಅಂಗಡಿ. ಬೀದಿಯ ಅರ್ಧ ಜನರ ಎದೆಯ ಅಳತೆ ಅವಳ ನಾಲಿಗೆ ತುದಿಯಲ್ಲಿತ್ತು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆ, ಮಾತ್ರೆ, ವ್ಯಾಯಾಮ ಎಲ್ಲ ಆಗಿ ಕೈ ಮುಕ್ಕಾಲು ಪಾಲು ಮರಳಿತ್ತು. ಅಂಗಡಿಯಲ್ಲಿ ಹೊಲಿಗೆ ಯಂತ್ರ ಅವಳ ನಾದಿನಿ ನಡೆಸುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಾತ್ರ ಧೂಳು ಕೂತಿತ್ತು.

"ಮೀನಣ್ಣ, ನನಗೊಂದು ಗಾಳ ಬೇಕು."

"ನಿಮಗಾ ಟೈಲರಮ್ಮ? ಯಾರನ್ನ ಹಿಡಿಯೋಕೆ?"

"ಸೀಬಾಸ್‌ನ. ಗಂಡಸ್ರನ್ನ ಹಿಡಿದು ಏನ್ ಕಂಡೆ ಹೇಳಿ." ನಕ್ಕಳು, ಆಮೇಲೆ ಬಲಗೈಯನ್ನು ಗಾಜಿನ ಮೇಲಿಟ್ಟಳು. "ಆಸ್ಪತ್ರೆಯವರು ಹಿಸುಕೋಕೆ ಒಂದು ಚೆಂಡು ಕೊಟ್ಟಿದ್ದಾರೆ. ಹಿಸುಕಿ ಹಿಸುಕಿ ಅದರ ಮುಖ ನೋಡಿದ್ರೇ ಹೇಸಿಗೆ. ಚೆಂಡು ತಿರುಗಿ ಎಳೆಯಲ್ಲಣ್ಣ. ನನಗೆ ತಿರುಗಿ ಎಳೆಯೋದು ಬೇಕು. ಸಣ್ಣವಳಿದ್ದಾಗ ಅಪ್ಪನ ಜೊತೆ ಹೋಗಿ ಅಭ್ಯಾಸ ಇದೆ. ಈ ಕೈಯಲ್ಲಿ ತಿರುಗಿಸಿ ಒಂದೇ ಒಂದು ಮೀನನ್ನ ದಡಕ್ಕೆ ತಂದ್ರೆ ಕತ್ತರಿ ಹಿಡೀತೀನಿ. ಆಗ್ಲಿಲ್ಲ ಅಂದ್ರೆ, ನಾದಿನಿ ಹೇಳ್ದ ಹಾಗೆ ಮೇಜನ್ನ ಕೊಟ್ಟುಬಿಡ್ತೀನಿ. ಮೂವತ್ತು ವರ್ಷ ಕತ್ತರಿಸಿದ್ದು ಸಾಕು ಅಂದ್ಕೋತೀನಿ."

ಮೀನಣ್ಣನ ಕೈ ತನಗೆ ತಾನೇ ಗೋಡೆಯ ಮೇಲಿನ ಕೋಲುಗಳತ್ತ ಹೋಯಿತು. ಆಗ ಒಳಗಿನಿಂದ ಅಳಿಯನ ದನಿ ಬಂತು: "ಹೊಸಬ್ರಾ ಅಜ್ಜ? ಸೆಟ್ ಕೊಡಿ, ಸೆಟ್."

ಕೈ ವಾಪಸು ಬಂತು. ಹಳದಿ ಡಬ್ಬ ಗಾಜಿನ ಮೇಲೆ ಬಂತು. ಟೈಲರಮ್ಮ ಕೋಲು ತೆಗೆದು ಜೋಡಿಸಿ, ರೀಲಿನ ಹಿಡಿಯನ್ನು ಬಲಗೈಗೆ ಬರುವಂತೆ ಹಾಕಿಸಿಕೊಂಡಳು. ಆಮೇಲೆ ಬೀದಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಹೋಗಿ ನಿಂತಳು. ಆ ಬೀದಿಯಲ್ಲೇ ಹುಟ್ಟಿ ಬೆಳೆದವಳು, ಪದ್ಧತಿ ಗೊತ್ತಿದ್ದವಳು.

"ಬನ್ನಿ, ಮೀನಾಗಿ."

"ಈಗ ಅದೆಲ್ಲ ಇಲ್ಲಮ್ಮ," ಎಂದ ಮೀನಣ್ಣ ಸ್ಟೂಲಿನಿಂದ ಏಳದೆ. "ಫ್ಯಾಕ್ಟರೀಲೇ ನೋಡಿರ್ತಾರೆ."

ಅಳಿಯನ ಮಾತು ತನ್ನ ಬಾಯಿಂದ ಬಂದದ್ದು ಅವನಿಗೇ ಕೇಳಿಸಿತು. ಕೆಟ್ಟ ಕಾಯಿ ಕಚ್ಚಿದ ಹಾಗಾಯಿತು. ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ಟೈಲರಮ್ಮ "ಓಹೋ" ಎಂದು ಡಬ್ಬ ಎತ್ತಿಕೊಂಡು ಹೋದಳು.

ಹದಿನೇಳು ದಿನ ಕಳೆದ ಮೇಲೆ ಅದೇ ಡಬ್ಬವನ್ನು ಎಡಗೈಯಲ್ಲಿ ಹಿಡಿದು ಬಂದಳು. ಬಲಗೈ ಸೀರೆಯ ಸೆರಗಿನೊಳಗಿತ್ತು.

"ವಾಪಸ್ ಮಾಡೋಕೆ ಬಂದಿಲ್ಲ ಮೀನಣ್ಣ. ಸಾಮಾನೇನೋ ಚೆನ್ನಾಗೇ ಇದೆ. ಯಾರಾದ್ರೂ ಕೈ ಇರೋರಿಗೆ ಕೊಡಿ."

"ಯಾಕಮ್ಮ, ಏನಾಯ್ತು?"

"ಕಚ್ತು. ನಿನ್ನೆ ಬೆಳಿಗ್ಗೆ, ನೀರು ಇಳಿಯೋ ಹೊತ್ತಲ್ಲಿ, ಸೇತುವೆ ಮೂರನೇ ಕಂಬದ ಹತ್ರ. ನನ್ನ ತೋಳಿನಷ್ಟು ಉದ್ದ. ನೀರಿಂದ ಎದ್ದು ತಲೆ ಒದರ್ತು ನೋಡಿ, ಜೀವ ಬಾಯಿಗೆ ಬಂತು." ಅವಳ ಮುಖ ಒಂದು ಕ್ಷಣ ಬೆಳಗಿ, ದೀಪ ಆರಿಸಿದಂತೆ ಆರಿತು. "ತಿರುಗಿಸ್ತಾನೇ ಇದ್ದೆ. ಅದು ಹೋಗ್ತಾನೇ ಇತ್ತು. ಕೈ ತಿರುಗ್ತಾ ಇದೆ ಅಂತ ನನಗನ್ನಿಸ್ತಿದೆ, ಆದ್ರೆ ಒಂದು ಗೇಣು ದಾರ ಬರ್ತಿಲ್ಲ. ಕೊನೆಗೆ ಕಂಬ ಸುತ್ತಿ ಕಿತ್ಕೊಂಡು ಹೋಯ್ತು. ನನ್ನ ಕೈ ನನಗೇ ಸುಳ್ಳು ಹೇಳ್ತಿದೆ ಮೀನಣ್ಣ. ನಾಳೆ ಬೆಳಿಗ್ಗೆ ಮೇಜು ಎತ್ತೋಕೆ ಬರ್ತಾರೆ."

ಮೀನಣ್ಣ ಡಬ್ಬ ಮುಟ್ಟಲಿಲ್ಲ. "ತಿರುಗಿಸುವಾಗ ಹಿಡಿ ಭಾರ ಇತ್ತಾ, ಹಗುರ ಇತ್ತಾ?" ಎಂದ.

"ಹಗುರ. ಗಾಳಿ ತಿರುಗಿಸಿದ ಹಾಗೆ. ಅದಕ್ಕೇ ಹೇಳಿದ್ದು, ಭಾರ ತಿಳಿಯೋ ಕೈಯೇ ಹೋಗಿದೆ ಅಂತ."

ತೋಳುದ್ದದ ಮೀನು ಆ ತುದಿಯಲ್ಲಿ, ಈ ತುದಿಯಲ್ಲಿ ಹಿಡಿ ಹಗುರ. ಮೀನಣ್ಣ ಸ್ಟೂಲಿನಿಂದ ಇಳಿದು ಡಬ್ಬದಿಂದ ಕೋಲು ಕಿತ್ತುಕೊಂಡ. ರೀಲಿನ ನೆತ್ತಿಯ ತಿರುಪನ್ನು ಇನ್ನು ತಿರುಗದು ಎನ್ನುವವರೆಗೆ ಬಿಗಿದ. ಹಾಗೆ ಬಿಗಿದರೆ ದಾರ ಒಂದು ಅಂಗುಲವೂ ಹೊರಗೆ ಬರಬಾರದು.

"ನಿಮ್ಮ ಚೀಲದಲ್ಲಿ ಸೀಮೆಸುಣ್ಣ ಇದೆಯಾ?"

ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ ಟೈಲರಮ್ಮನ ಚೀಲದಲ್ಲಿ ಈಗಲೂ ಇತ್ತು. ಕೈ ಬಿದ್ದಿದ್ದರೂ ಅದನ್ನು ಮಾತ್ರ ಅವಳು ಹೊರಗೆ ತೆಗೆದಿಟ್ಟಿರಲಿಲ್ಲ. ಮೀನಣ್ಣ ದಾರ ಸುತ್ತಿದ ಉರುಳೆಯ ಅಂಚಿನಿಂದ ದಾರದ ಮೇಲಕ್ಕೆ ಒಂದು ನೇರ ಗೆರೆ ಎಳೆದ. ಕೋಲನ್ನು ಅವಳ ಕೈಗೆ ಕೊಟ್ಟು, ದಾರದ ತುದಿ ಹಿಡಿದು ಬಾಗಿಲವರೆಗೆ ನಾಲ್ಕು ಹೆಜ್ಜೆ ನಡೆದು, ಎಳೆದ.

ದಾರ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು.

"ಈಗ ಗೆರೆ ನೋಡಿ."

ಅಂಚಿನ ಗೆರೆ ಇದ್ದಲ್ಲೇ ಇತ್ತು. ದಾರದ ಮೇಲಿನ ಗೆರೆ ಸುತ್ತಿಕೊಂಡು ಆ ಬದಿಗೆ ಹೋಗಿತ್ತು. ಉರುಳೆ ಅಲುಗಿಲ್ಲ. ಅದರ ನುಣ್ಣನೆಯ ಲೋಹದ ಮೇಲೆ ದಾರದ ಉಂಡೆಯೊಂದೇ ಗರಗರ ಜಾರಿ ತಿರುಗಿದೆ.

ಸೀಬಾಸಿಗೆ ಬಳಸುವ ಹೆಣೆದ ದಾರ ರೇಷ್ಮೆಯಂತೆ ನುಣುಪು. ಅದನ್ನು ಬರಿಯ ಲೋಹದ ಮೇಲೆ ಸುತ್ತಿದರೆ ಹಿಡಿತವಿಲ್ಲ. ಮೊದಲು ಒಂದಷ್ಟು ಸುತ್ತು ಸಾದಾ ನೈಲಾನ್ ದಾರ ಬಿಗಿದು, ಅದರ ಮೇಲೆ ಇದನ್ನು ಸುತ್ತಬೇಕು. ಆ ಬೀದಿಯಲ್ಲಿ ಅದಕ್ಕೆ 'ಒಳಗಂಗಿ' ಎನ್ನುತ್ತಿದ್ದರು, ಮೀನಣ್ಣನೇ ಇಟ್ಟ ಹೆಸರು. ಒಳಗಂಗಿಯಿಲ್ಲದ ರೀಲು ಬರಿಯ ಹುಸಿಮೀನನ್ನು ಎಳೆಯುವಾಗ ಸಾಧುವಾಗಿ ಕೆಲಸ ಮಾಡುತ್ತದೆ. ದೊಡ್ಡ ಮೀನು ಕಚ್ಚಿದ ದಿನವೇ ಕೈ ಕೊಡುತ್ತದೆ. ಒಂದೇ ಒಂದು ಸಲ ಬೀದಿಯಲ್ಲಿ ನಲವತ್ತು ಹೆಜ್ಜೆ ನಡೆದು ಎಳೆದಿದ್ದರೆ ಗೊತ್ತಾಗುತ್ತಿತ್ತು. ಒಂದೇ ಸಲ.

"ನಿಮ್ಮ ಕೈ ಸುಳ್ಳು ಹೇಳ್ಲಿಲ್ಲ ಟೈಲರಮ್ಮ," ಎಂದ ಮೀನಣ್ಣ. "ನಾನು ಹೇಳಿದ್ದು."

ಅಷ್ಟರಲ್ಲಿ ಸೆಂಟಿನ ವಾಸನೆ ಮುಂದೆ ಬಂತು, ಅಳಿಯ ಹಿಂದೆ ಬಂದ. "ಏನಜ್ಜ, ಗಿರಾಕಿ ಮುಂದೆ ನಮ್ಮ ಮಾಲನ್ನೇ ಬಿಚ್ಚಿ ತೋರಿಸ್ತಿದ್ದೀರಿ?"

"ನೀವು ಹಾಸಿಗೆ ಮಾರೋವಾಗ ಒಂದು ದಿನ ಆದ್ರೂ ಮಲಗಿ ನೋಡಿದ್ರಾ ಅಳಿಯಂದ್ರೇ?"

"ಅದಕ್ಕೂ ಇದಕ್ಕೂ ಏನು ಸಂಬಂಧ? ಇಲ್ಲೀವರೆಗೆ ಮೂವತ್ತೆಂಟು ಸೆಟ್ ಹೋಗಿದೆ. ಕೆಟ್ಟಿದ್ರೆ ಒಬ್ರಾದ್ರೂ ದೂರು ತರ್ತಿರ್ಲಿಲ್ವಾ?"

"ನಾನೂ ದೂರು ತಂದಿರ್ಲಿಲ್ಲಪ್ಪ," ಎಂದಳು ಟೈಲರಮ್ಮ ಮೆಲ್ಲಗೆ. "ಸಾಮಾನು ಚೆನ್ನಾಗಿದೆ ಅಂತಾನೇ ಹೇಳ್ದೆ."

ಆ ಮಾತು ಕೇಳಿ ಅಳಿಯನಿಗೆ ಏನೂ ಆಗಲಿಲ್ಲ. ಮೀನಣ್ಣ ಮಾತ್ರ ಹಳದಿ ಡಬ್ಬಗಳ ಗೋಡೆಯತ್ತ ತಿರುಗಿದ. ಮೂವತ್ತೆಂಟು ಜನ. ಹೊಸಬರು. ಮೀನು ಹೋದಾಗ ಹೊಸಬ ರೀಲನ್ನು ಬೈಯುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾನೆ. ನನಗೆ ಬರಲ್ಲ, ನನ್ನ ಕೈಲಿ ಆಗಲ್ಲ ಎಂದು ಡಬ್ಬವನ್ನು ಮಂಚದ ಕೆಳಗೆ ತಳ್ಳುತ್ತಾನೆ. ಕಳ್ಳತನಕ್ಕೆ ಇದಕ್ಕಿಂತ ಭದ್ರವಾದ ಮರೆ ಯಾವುದಿದೆ? ಕರಗಿದ ರಬ್ಬರಿನ ಆ ವಾಸನೆ ಮೂಗಿಗೆ ರಪ್ಪೆಂದು ಹೊಡೆಯಿತು. ಅಳಿಯನ ಮೇಲೆ ಬಂದ ಅಸಹ್ಯ ಅಳಿಯನ ಹತ್ತಿರ ನಿಲ್ಲಲಿಲ್ಲ, ದಾಟಿ ಮುಂದೆ ಹೋಗಿ ಮೆತ್ತೆಯ ಸ್ಟೂಲಿನ ಮೇಲೆ, ಅದರ ಮೇಲೆ ಎರಡು ತಿಂಗಳು ಕೂತವನ ಮೇಲೆ ಹೋಗಿ ಬಿತ್ತು. ಅಳಿಯನಿಗೆ ತಿಳಿದಿರಲಿಲ್ಲ, ಸರಿ. ಇವನಿಗೆ ತಿಳಿದಿತ್ತಲ್ಲ! ತಿಳಿದೂ ಮಂಡಿ ನೀವಿಕೊಂಡು ಕೂತಿದ್ದನಲ್ಲ!

"ಬನ್ನಿ ಇಲ್ಲಿ," ಎಂದ ಟೈಲರಮ್ಮನಿಗೆ. ಬೇಡುವ ದನಿಯಲ್ಲ, ಬೈಯುವ ದನಿ.

ಗೋಡೆಯಿಂದ ಎಂಟಡಿಯ ಒಂದು ಕೋಲು ತೆಗೆದ. ತುದಿಯನ್ನು ಚಾವಣಿಗೆ ಒತ್ತಿದ. ಮೇಲಿನ ಮೂರನೇ ಒಂದು ಪಾಲು ಬಾಗಿ, ಕೆಳಗಿನ ಭಾಗ ಗಟ್ಟಿಯಾಗಿ ನಿಂತಿತು. ಹೊಸ ಚುಕ್ಕೆ ಬಿತ್ತು. "ಇದಕ್ಕಿಂತ ಉದ್ದ ಬೇಡ, ಭುಜ ನೋಯುತ್ತೆ. ಇದಕ್ಕಿಂತ ಗಟ್ಟಿ ಬೇಡ, ಹಗುರ ಹುಸಿಮೀನು ದೂರ ಹೋಗಲ್ಲ." ಮುಷ್ಟಿಗಿಂತ ತುಸು ದೊಡ್ಡದಾದ ರೀಲು ತೆಗೆದು, ಉರುಳೆಗೆ ಒಳಗಂಗಿ ಬಿಗಿದು, ಹೆಣೆದ ದಾರ ಸುತ್ತಿದ. ತುದಿಗೆ ಒಂದು ಮಾರು ದಪ್ಪ ನೈಲಾನ್ ಗಂಟು ಹಾಕಿದ. "ಇದು ಯಾಕೆ ಗೊತ್ತಾ? ಸೀಬಾಸಿನ ಕಿವಿರಿನ ಅಂಚು ನಿಮ್ಮ ಕತ್ತರಿಗಿಂತ ಹರಿತ. ಬರೀ ತೆಳು ದಾರ ಆದ್ರೆ ಒಂದೇ ಏಟಿಗೆ ಕತ್ತರಿಸುತ್ತೆ." ಹಿಡಿಯನ್ನು ಬಲಕ್ಕೆ ಹಾಕಿದ. ಹುಸಿಮೀನು ಮೂರೇ ಕೊಟ್ಟ. ಬಿಟ್ಟರೆ ತೇಲಿ, ಎಳೆದರೆ ಒಂದು ಮೊಳ ಮುಳುಗಿ ಓಲಾಡುವುದೊಂದು, ಸೀಸದ ತಲೆಗೆ ರಬ್ಬರ್ ಬಾಲ ಸಿಕ್ಕಿಸಿದ್ದೊಂದು, ನೀರ ಮೇಲೆ ಬುಳುಕ್ ಎಂದು ಸದ್ದು ಮಾಡುವುದೊಂದು. "ಇಪ್ಪತ್ತನಾಲ್ಕು ಇಟ್ಕೊಂಡೋನು ದಿನವೆಲ್ಲ ಬದಲಾಯಿಸ್ತಾನೇ ಇರ್ತಾನೆ. ಮೂರು ಇಟ್ಕೊಂಡೋನು ಎಸೀತಾನೆ."

ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ, ಹುಸಿಮೀನು ಕಟ್ಟದ ಬರಿಯ ದಾರದ ತುದಿ ಹಿಡಿದು ಬೀದಿಗಿಳಿದ. ಮರದ ತುಂಡು ತೆಗೆದುಕೊಳ್ಳುವುದು ಮರೆತಿತ್ತು. ಕೋಪದಲ್ಲಿ ದಾರವನ್ನು ಅಂಗೈಗೇ ಸುತ್ತಿಕೊಂಡ.

ಚಪ್ಪಲಿ ಹೊಲಿಯುವವನು ತಲೆಯೆತ್ತಿ, "ಓಹೋ, ಮೀನು ಬದುಕಿದೆ!" ಎಂದು ಪೆಟ್ಟಿಗೆ ಸರಿಸಿಕೊಂಡ.

ಕಂಬದ ಬಳಿ ಮೀನಣ್ಣ ತಿರುಗಿ ನಿಂತು, ತಟ್ಟಿ, ಎಳೆದ. ಸುಮ್ಮನೆ ಎಳೆಯಲಿಲ್ಲ. ಎರಡು ತಿಂಗಳ ಸಿಟ್ಟನ್ನೆಲ್ಲ ಹಾಕಿ ಎಳೆದ. ಟೈಲರಮ್ಮನ ಕೋಲಿನ ತುದಿ ನೆಲಕ್ಕೆ ಬಾಗಿತು.

"ತುದಿ ಎತ್ತಿ! ಎತ್ತಿ ಅಂದೆ!"

"ಸುಮ್ನಿರಿ! ಮೀನು ಮಾತಾಡಲ್ಲ!"

ಬೀದಿಯೆಲ್ಲ ನಕ್ಕಿತು. ಟೈಲರಮ್ಮ ನಗಲಿಲ್ಲ. ಹಲ್ಲು ಕಚ್ಚಿ ಕೋಲನ್ನು ಮೇಲೆತ್ತಿದಳು, ಇಳಿಸುತ್ತ ಸುತ್ತಿದಳು, ಮತ್ತೆ ಎತ್ತಿದಳು. ಬಲಗೈ ನಡುಗುತ್ತಿತ್ತು. ಒಮ್ಮೆ ಬೆರಳು ಹಿಡಿಯಿಂದ ಜಾರಿತು, ಮೀನಣ್ಣ ಅಷ್ಟರಲ್ಲೇ ಆರು ಹೆಜ್ಜೆ ಕಿತ್ತುಕೊಂಡ, ಕನಿಕರ ತೋರಲಿಲ್ಲ. ಅವಳು ಬೆರಳನ್ನು ಒಂದೊಂದಾಗಿ ಮತ್ತೆ ಹಿಡಿಗೆ ಸುತ್ತಿ ತಿರುಗಿಸಿದಳು. ಈ ಸಲ ಹಿಡಿ ಭಾರವಾಗಿತ್ತು. ದೀಪದ ಕಂಬದವರೆಗೂ ಕೇಳುವಂತೆ ಅವಳು ಕೂಗಿದಳು: "ಭಾರ ಇದೆ! ಭಾರ ಗೊತ್ತಾಗ್ತಿದೆ!" ಮೀನಣ್ಣ ಎಡಕ್ಕೆ ನುಗ್ಗಿದ, ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ. ಮಂಡಿ ಕಟಕಟ ಎಂದಿತು. ಅವಳು ಕಾದಳು. ಅವನು ಎದ್ದ ಗಳಿಗೆಗೇ ಸುತ್ತಿದಳು. ಮೂವತ್ತು ಹೆಜ್ಜೆ, ಇಪ್ಪತ್ತು, ಹತ್ತು. ಕೊನೆಗೆ ಮೀನಣ್ಣ ಏದುಸಿರು ಬಿಡುತ್ತ ಮೆಟ್ಟಿಲ ಬುಡಕ್ಕೆ ಬಂದು ನಿಂತ.

ಟೈಲರಮ್ಮ ಬೆವರು ಒರೆಸಿಕೊಳ್ಳದೆ ಅವನನ್ನೇ ದಿಟ್ಟಿಸಿದಳು. "ನಿಜ ಹೇಳಿ. ಬಿಟ್ಟುಕೊಟ್ರಾ?"

ಮೀನಣ್ಣ ಮುಷ್ಟಿ ಬಿಚ್ಚಿ ತೋರಿಸಿದ. ದಾರ ಅಂಗೈಯನ್ನು ಎರಡು ಕಡೆ ಸೀಳಿತ್ತು, ನೆತ್ತರು ಮಣಿಕಟ್ಟಿಗೆ ಇಳಿದಿತ್ತು. ಅವಳು ಬಗ್ಗಿ, ಬಟ್ಟೆಯ ನೇಯ್ಗೆ ನೋಡುವಂತೆ ಆ ಗಾಯ ನೋಡಿದಳು. ಅಯ್ಯೋ ಪಾಪ ಅನ್ನಲಿಲ್ಲ.

"ಮೇಜು ಎತ್ತೋಕೆ ಬರಬೇಡಿ ಅಂತ ಹೇಳ್ಬೇಕು," ಎಂದು ಕೋಲು ಹೆಗಲ ಮೇಲಿಟ್ಟು ಸರಸರ ನಡೆದಳು.

ಮೀನಣ್ಣ ತಿರುಗಿದರೆ ಬಾಗಿಲಲ್ಲಿ ಅಳಿಯ ಫೋನು ಹಿಡಿದು ನಗುತ್ತಿದ್ದ. "ಎಲ್ಲ ವಿಡಿಯೋ ಮಾಡಿದ್ದೀನಿ ಅಜ್ಜ. ಆ ಅಮ್ಮನ ಕೈ ನಡುಗೋದೂ ಬಂದಿದೆ. ಸೆಟ್ಟಿನ ಜಾಹೀರಾತಿಗೆ ಹಾಕಿದ್ರೆ..."

ಮೀನಣ್ಣ ಚರಂಡಿಯ ಅಂಚಿಗೆ ಹೋಗಿ ಉಗುಳಿ ಬಂದ. ಆಮೇಲೆ ಸ್ಟೂಲನ್ನು ಎತ್ತಿ ತಂದು ಅಳಿಯನ ಮುಂದಿಟ್ಟ.

"ಅದನ್ನ ಅಳಿಸಿ. ಅಳಿಸಿ ಇಲ್ಲಿ ಕೂತ್ಕೊಳ್ಳಿ. ಮೆತ್ತೆ ಚೆನ್ನಾಗಿದೆ, ನನಗೆ ಗೊತ್ತು. ಮೂವತ್ತೆಂಟು ಜನರ ನಂಬರೂ ನಿಮ್ಮ ಫೋನಲ್ಲಿದೆ. ಒಬ್ಬೊಬ್ಬರಿಗೂ ಹೇಳಿ, ನಿಮ್ಮ ಕೈ ಸರಿಯಿದೆ, ನಮ್ಮ ರೀಲು ಸರಿಯಿಲ್ಲ ಅಂತ. ನೀವು ಹೇಳದಿದ್ರೆ ಈ ಮೆಟ್ಟಿಲ ಮೇಲೆ ನಿಂತು ನಾನು ಕೂಗ್ತೀನಿ. ನಿಮ್ಮ ಮಾವನವರಿಗೆ ಕಿವಿ ಇನ್ನೂ ಚೆನ್ನಾಗಿ ಕೇಳುತ್ತೆ."

ಅಳಿಯನ ಮುಖ ಹುಳ್ಳಗಾಯಿತು. ಅಳಿಸಿದ. ಕೂತ. ಗೊಣಗುತ್ತಲೇ ಮೊದಲ ನಂಬರು ಒತ್ತಿದ.

ಮುಂದಿನ ಮೂರು ವಾರ ಹಳದಿ ಡಬ್ಬಗಳು ಒಂದೊಂದಾಗಿ ಬಂದವು. ಮಂಚದ ಕೆಳಗಿನ ಧೂಳು ಹೊತ್ತು ಬಂದವು. ಬ್ಯಾಂಕಿನ ಕಾವಲುಗಾರನೊಬ್ಬ, "ನಾನು ಹುಟ್ಟಾ ಕೈಲಾಗದೋನು ಅಂತ ಮನೆಯವಳು ನಕ್ಕಿದ್ದೇ ನಕ್ಕಿದ್ದು," ಎಂದು ತಾನೂ ನಕ್ಕ. ಮೀನಣ್ಣನಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಒಂದೊಂದು ರೀಲಿನಿಂದಲೂ ದಾರ ಬಿಚ್ಚಿ, ಒಳಗಂಗಿ ಹಾಕಿ, ಮತ್ತೆ ಸುತ್ತಿ, ಕರಗಿದ ಬಾಲಗಳನ್ನು ಕಡ್ಡಿಯಿಂದ ಕೆರೆದು ಎಸೆದು, ಪ್ರತಿಯೊಬ್ಬರಿಗೂ ನಲವತ್ತು ಹೆಜ್ಜೆ ಮೀನಾದ. ರಬ್ಬರಿನ ವಾಸನೆ ಬೆರಳಲ್ಲಿ ಬೇರು ಬಿಟ್ಟಿತು. ಊಟದ ತಟ್ಟೆಗೆ ಕೈ ಇಟ್ಟರೂ ಅದೇ.

ಎರಡನೇ ವಾರ ಟೈಲರಮ್ಮ ಬಂದು ಗಾಜಿನ ಮೇಲೆ ಒಂದು ಗವಸು ಇಟ್ಟಳು. ಬೆರಳಿಲ್ಲದ ಗವಸು, ದಪ್ಪ ಕ್ಯಾನ್ವಾಸಿನದು. ಮೀನಣ್ಣ ತಿರುಗಿಸಿ ನೋಡಿದ.

"ಈ ಬದಿ ಕಟಿಂಗ್ ಸೊಟ್ಟ ಆಗಿದೆಯಲ್ಲಮ್ಮ."

"ಆಗಿದೆ. ಬಲಗೈಯಲ್ಲಿ ಕತ್ತರಿಸಿದ್ದು. ಮುಂದಿನದು ಇಷ್ಟು ಸೊಟ್ಟ ಇರಲ್ಲ." ಹೊರಟವಳು ಬಾಗಿಲಲ್ಲಿ ನಿಂತು, "ಮೀನು ಇನ್ನೂ ಸಿಕ್ಕಿಲ್ಲ. ಕೇಳ್ಬೇಡಿ," ಎಂದು ಹೋದಳು.

ಮೂವತ್ತೆಂಟರಲ್ಲಿ ಒಂಬತ್ತು ಡಬ್ಬಗಳು ಬರಲೇ ಇಲ್ಲ. ಕೆಲವರ ಫೋನು ಬದಲಾಗಿತ್ತು, ಕೆಲವರು ಊರು ಬಿಟ್ಟಿದ್ದರು, ಒಬ್ಬ, "ನಂಗೆ ಅದೆಲ್ಲ ಬರಲ್ಲ ಬಿಡಿ" ಎಂದು ಮಾತು ಮುಗಿಸುವ ಮೊದಲೇ ಫೋನು ಇಟ್ಟಿದ್ದ. ಆ ಒಂಬತ್ತು ಮೀನಣ್ಣನ ಗಂಟಲಲ್ಲಿ ಮುಳ್ಳಾಗಿ ಕೂತವು. ಈಗಲೂ ಹೊಸಬರು ಯಾರಾದರೂ ಬಂದು ಮೆಟ್ಟಿಲ ಮೇಲೆ ನಿಂತರೆ ಅವನು ಸೊಟ್ಟ ಗವಸು ಏರಿಸಿಕೊಂಡು, ಬೆರಳನ್ನೊಮ್ಮೆ ಮೂಸಿ, ಮುಖ ಸಿಂಡರಿಸಿ, ದೀಪದ ಕಂಬದ ಕಡೆಗೆ ಹಿಂದೆ ಹಿಂದೆ ನಡೆಯುತ್ತಾನೆ.